ಬೀಜದ ರೊಕ್ಕ

ಗದಗಿಗೆ ಹೋದವರು ವೀರನಾರಾಯಣನ ಗುಡಿಯನ್ನೂ ತ್ರಿಕೂಟೇಶ್ವರನ ಕಂಬಗಳನ್ನೂ ಕಂಡು ಕೃತಾರ್ಥರಾಗಿ ಹಿಂದಿರುಗುತ್ತಾರೆ. ಅಲ್ಲಿಂದ ಹೆಚ್ಚು ದೂರವಿಲ್ಲದ ಕಣಗಿನಹಾಳಕ್ಕೂ ಹೋಗಿಬಂದೆವೆಂದು ಹೇಳುವವರು ಕಡಿಮೆ. ಭಾರತದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವು 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಹುಟ್ಟಿದ್ದು ಆ ಊರಿನಲ್ಲಿ. ನಾನು ಅಲ್ಲಿಗೆ ಹೋದದ್ದು ಇತಿಹಾಸದ ಕುತೂಹಲದಿಂದಲ್ಲ. ಬಹಳ ದಿನಗಳಿಂದ ಮನಸ್ಸಿನಲ್ಲಿ ಕುಳಿತಿದ್ದ ಒಂದು ಲೆಕ್ಕ ನನ್ನನ್ನು ಅಲ್ಲಿಗೆ ಕರೆದೊಯ್ದಿತು.

ಆ ಲೆಕ್ಕದ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ಅಧ್ಯಾಪಕನಾಗಿದ್ದ ಕಾಲದಲ್ಲಿ ಒಂದು ವಿಶ್ವವಿದ್ಯಾಲಯದ ಹಣಕಾಸಿನ ಸಮಿತಿಯಲ್ಲಿ ನಾನೂ ಕೆಲವು ವರುಷ ಕುಳಿತಿದ್ದೆ. ಅದರ ಹೆಸರು ಇಲ್ಲಿ ಬೇಡ. ಒಂದು ಸಭೆಯಲ್ಲಿ ರಸಾಯನಶಾಸ್ತ್ರದ ಸಹೋದ್ಯೋಗಿಯೊಬ್ಬರ ಅರ್ಜಿ ಬಂದಿತು. ಪ್ರಯೋಗಶಾಲೆಯಲ್ಲಿ ಒಂದು ಲೀಟರು ನೀರನ್ನು ಬಟ್ಟಿ ಇಳಿಸಬೇಕಾದರೆ ಎಂಟು ಹತ್ತು ಲೀಟರು ತಣ್ಣೀರು ಕೊಳವೆಯಲ್ಲಿ ಹರಿಯಬೇಕು. ಆ ನೀರು ಕೊಳೆಯಾಗುವುದಿಲ್ಲ, ಸ್ವಲ್ಪ ಬೆಚ್ಚಗಾಗುತ್ತದೆ, ಅಷ್ಟೆ. ಆದರೂ ಅದು ನೇರವಾಗಿ ಗಟಾರಕ್ಕೆ ಸೇರುತ್ತಿತ್ತು. ಅದನ್ನು ಒಂದು ತೊಟ್ಟಿಯಲ್ಲಿ ಹಿಡಿದು, ಸಣ್ಣ ಮೋಟಾರಿನಿಂದ ಮೇಲೇರಿಸಿ, ವಿದ್ಯಾರ್ಥಿನಿಲಯಕ್ಕೂ ಗಿಡಗಳಿಗೂ ಕೊಡೋಣವೆಂದು ಅವರು ಕೇಳಿದ್ದರು. ಖರ್ಚು ಗುಮಾಸ್ತನೊಬ್ಬನ ಎರಡು ತಿಂಗಳ ಸಂಬಳದಷ್ಟೂ ಇರಲಿಲ್ಲ. ಬೇಸಿಗೆಯಲ್ಲಿ ಟ್ಯಾಂಕರಿನ ನೀರಿಗೆ ಕೊಡುವ ಹಣ ಉಳಿದರೆ ಎರಡು ವರುಷದಲ್ಲಿ ಅದು ತೀರುತ್ತಿತ್ತು. ಆದರೆ ಅಂಥ ಕೆಲಸಕ್ಕೆ ಆಯವ್ಯಯದಲ್ಲಿ ಶೀರ್ಷಿಕೆಯಿರಲಿಲ್ಲವಾದ್ದರಿಂದ ಅರ್ಜಿ ಮುಂದಕ್ಕೆ ಹೋಯಿತು. ಅದೇ ಸಭೆಯಲ್ಲಿ ಹೆಬ್ಬಾಗಿಲಿಗೊಂದು ಕಮಾನು ಕಟ್ಟಿಸಲು ಆಂತರಿಕ ನಿಧಿಯಿಂದ ಹಣ ಮಂಜೂರಾಯಿತು. ಎರಡು ನಿರ್ಣಯಗಳಿಗೂ ನಾನು ಸಹಿ ಹಾಕಿದೆ.

ಆಂತರಿಕ ನಿಧಿಯೆಂದರೇನೆಂದು ವಿದ್ಯಾರ್ಥಿಗಳು ಕೇಳಬಹುದು. ನಮ್ಮ ಸರಕಾರಿ ವಿಶ್ವವಿದ್ಯಾಲಯಗಳಿಗೆ ಸರಕಾರದಿಂದ ಬರುವ ಅನುದಾನದ ಬಹುಪಾಲು ಸಂಬಳ, ನಿವೃತ್ತಿವೇತನಗಳಲ್ಲಿಯೇ ಮುಗಿಯುತ್ತದೆ. ಉಳಿದ ಕೆಲಸಗಳಿಗೆ ತಾವೇ ಗಳಿಸಿದ ಹಣ ಬೇಕು: ಪ್ರವೇಶ ಶುಲ್ಕ, ಪರೀಕ್ಷಾ ಶುಲ್ಕ, ಸಂಯೋಜಿತ ಕಾಲೇಜುಗಳು ತೆರುವ ಶುಲ್ಕ, ಠೇವಣಿಯ ಬಡ್ಡಿ. ಅದರಲ್ಲಿ ಹೆಚ್ಚಿನ ಪಾಲು ವಿದ್ಯಾರ್ಥಿಗಳ ಮನೆಗಳಿಂದಲೇ ಬಂದದ್ದು. ಅದನ್ನು ಹೇಗೆ ವೆಚ್ಚ ಮಾಡಬೇಕೆಂದು ನೋಡುವುದಕ್ಕೆ 2000ದ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯಲ್ಲಿ ಹಣಕಾಸು ಸಮಿತಿಯಿದೆ, ಸಿಂಡಿಕೇಟಿದೆ. ಏರ್ಪಾಟಿಗೆ ಕೊರತೆಯಿಲ್ಲ. ಕೊಟ್ಟ ಹಣ ಏನನ್ನು ಮರಳಿ ತಂದಿತೆಂದು ಕೇಳುವ ರೂಢಿ ಮಾತ್ರ ನಮ್ಮ ಸಮಿತಿಯಲ್ಲಿರಲಿಲ್ಲ.

ಕಣಗಿನಹಾಳದವರು ಆ ಪ್ರಶ್ನೆಯನ್ನು ಕೇಳದೆ ಬದುಕುವಂತಿರಲಿಲ್ಲ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಯಂತೆ ಹತ್ತು ಜನ ಕೂಡಿದರೆ ಸಂಘವನ್ನು ಕಟ್ಟಬಹುದಿತ್ತು. ಹಳ್ಳಿಯ ಸಂಘದ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲು ಒಕ್ಕಲಿಗರೇ ಇರಬೇಕು, ಸಾಲ ಸದಸ್ಯರಿಗೆ ಮಾತ್ರ, ಹೊಣೆ ಮಿತಿಯಿಲ್ಲದ್ದು. ಸಂಘ ಮುಳುಗಿದರೆ ಒಬ್ಬೊಬ್ಬನ ಹೊಲಮನೆಗೂ ಅದರ ಬಿಸಿ ತಟ್ಟಬೇಕು. ಲಾಭವನ್ನು ಹಂಚಿಕೊಳ್ಳುವಂತಿಲ್ಲ, ಅದು ಕಾಯ್ದಿಟ್ಟ ನಿಧಿಗೆ ಸೇರಿ, ಆ ನಿಧಿ ಸಾಕಷ್ಟು ಬೆಳೆದ ಮೇಲೆಯೇ ಮುಂದಿನ ಮಾತು. ಹೀಗಾಗಿ ಪಕ್ಕದವನು ಸಾಲದ ಹಣದಿಂದ ಎತ್ತು ತಂದನೋ ಮದುವೆಯ ಮೆರವಣಿಗೆ ಮಾಡಿದನೋ ಎಂದು ನೋಡುವ ಹಕ್ಕು ಎಲ್ಲರಿಗೂ ಇತ್ತು, ನೋಡುವ ಗರಜೂ ಇತ್ತು.

ಅಲ್ಲಿ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರೊಡನೆ ಮಾತಿಗೆ ನಿಂತೆ. ಸಂಘದ ಸಾಲಕ್ಕೂ ಬೇರೆ ಸಾಲಕ್ಕೂ ಏನು ಭೇದವೆಂದು ಕೇಳಿದೆ. ಅವರು ನಕ್ಕರು. “ಹೊರಗಿನ ಸಾಲ ಕಟ್ಟಲಿಲ್ಲಂದ್ರ ಸಾವಕಾರ ಬೈತಾನ್ರೀ ಸರ. ಸಂಘದ್ದು ಕಟ್ಟಲಿಲ್ಲಂದ್ರ ನಮ್ಮ ಕಾಕಾನ ಬಿತ್ತಿಗಿಗೆ ರೊಕ್ಕ ಇರೂದಿಲ್ಲ. ಅದು ಬೀಜದ ರೊಕ್ಕರೀ. ತಿಂದು ಕೂತ್ರ ಮುಂದಿನ ವರ್ಷ ಹೊಲಕ್ಕ ಏನ್ ಹಾಕೂದು?”

ಈ ಮಾತು ವಿಶ್ವವಿದ್ಯಾಲಯಕ್ಕೆ ಹೊಂದೀತೇ? ಹೊಂದಿದ ಒಂದು ಉದಾಹರಣೆಯನ್ನು ನಾನು ಬಲ್ಲೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯವು ಈ ಶತಮಾನದ ಮೊದಲ ವರುಷಗಳಲ್ಲಿ ತನ್ನದೇ ಹಣದಿಂದ ಒಂದು ಸಾಲನಿಧಿಯನ್ನು ತೆರೆಯಿತು. ಮೊದಲು 30 ಲಕ್ಷ ಡಾಲರು, ಮುಂದೆ 1 ಕೋಟಿ 20 ಲಕ್ಷ. ವಿದ್ಯುತ್ತನ್ನೋ ನೀರನ್ನೋ ಉಳಿಸುವ ಯೋಜನೆಯನ್ನು ಯಾವ ವಿಭಾಗ ತಂದರೂ ಬಡ್ಡಿಯಿಲ್ಲದೆ ಹಣ. ಉಳಿತಾಯವಾದ ಮೊತ್ತದಿಂದಲೇ ಮರುಪಾವತಿ. ತೀರಿದ ಹಣ ಮತ್ತೊಂದು ವಿಭಾಗಕ್ಕೆ. ಅಲ್ಲಿನವರು ಕಣಗಿನಹಾಳದ ಹೆಸರನ್ನು ಕೇಳಿರಲಾರರು. ಆದರೂ ಅವರು ಮಾಡಿದ್ದು ಪತ್ತಿನ ಸಂಘದ ಕೆಲಸವನ್ನೇ. ಹಾರ್ವರ್ಡಿನ ಐಶ್ವರ್ಯ ನಮಗೆಲ್ಲಿ ಎಂದು ಆಕ್ಷೇಪಿಸುವವರು, 1905ರಲ್ಲಿ ಎರೆಯ ನೆಲದ ಒಕ್ಕಲಿಗರಿಗೆ ಯಾವ ಐಶ್ವರ್ಯವಿತ್ತೆಂಬುದನ್ನೂ ಯೋಚಿಸಬೇಕು.

ಇದಕ್ಕಿಂತ ಬಲವಾದ ಆಕ್ಷೇಪ ಬೇರೊಂದಿದೆ. ವಿದ್ಯೆಯೇನು ಹತ್ತಿಯೇ? ಹಸ್ತಪ್ರತಿಗಳ ರಕ್ಷಣೆಗೆ ಹಾಕಿದ ಹಣ ಯಾವ ಸುಗ್ಗಿಗೆ ಮರಳೀತು? ಬಡ ವಿದ್ಯಾರ್ಥಿಗೆ ರಾತ್ರಿ ತೆರೆದಿಟ್ಟ ವಾಚನಾಲಯ ಎಷ್ಟು ರೂಪಾಯಿ ಉಳಿಸೀತು? ಎಲ್ಲವನ್ನೂ ಮರುಪಾವತಿಯ ತಕ್ಕಡಿಯಲ್ಲಿ ತೂಗಿದರೆ ಕನ್ನಡ ವಿಭಾಗವೇ ಮೊದಲು ಹಗುರಾಗುತ್ತದೆ. ನಾನೂ ಇದನ್ನು ಒಪ್ಪುತ್ತೇನೆ. ಸಹಕಾರಿಗಳೂ ಇದನ್ನು ಅರಿತಿದ್ದರೆಂದು ತೋರುತ್ತದೆ. 1912ರಲ್ಲಿ ಬಂದ ಎರಡನೆಯ ಕಾಯ್ದೆಯಂತೆ ನಿವ್ವಳ ಲಾಭದ ಕಾಲುಭಾಗ ಕಾಯ್ದಿಟ್ಟ ನಿಧಿಗೆ ಹೋಗಬೇಕು. ಅನಂತರ ಉಳಿದುದರಲ್ಲಿ ನೂರಕ್ಕೆ ಹತ್ತರವರೆಗೆ ರಿಜಿಸ್ಟ್ರಾರರ ಒಪ್ಪಿಗೆಯಿಂದ ಧರ್ಮಕಾರ್ಯಕ್ಕೆ ಕೊಡಬಹುದು; ವಿದ್ಯಾಭ್ಯಾಸವೂ ಆ ಧರ್ಮಕಾರ್ಯಗಳಲ್ಲೊಂದು. ಎಂದರೆ ಹಣವಾಗಿ ಮರಳುವುದಕ್ಕೆ ಒಂದು ಗಂಟು, ಬೇರೆ ರೂಪದಲ್ಲಿ ಫಲಿಸುವುದಕ್ಕೆ ಇನ್ನೊಂದು. ಎರಡಕ್ಕೂ ಲೆಕ್ಕವುಂಟು. ವಾಚನಾಲಯ ಹಣವನ್ನು ಮರಳಿಸಬೇಕಾಗಿಲ್ಲ; ಎಷ್ಟು ಮಂದಿ ಬಂದು ಓದಿದರೆಂದು ವರುಷಕ್ಕೊಮ್ಮೆ ಎಲ್ಲರ ಮುಂದೆ ಹೇಳಿದರೆ ಸಾಕು. ನಮ್ಮ ಕಮಾನಿನ ವಿಷಯದಲ್ಲಿ ಈ ಎರಡು ಪ್ರಶ್ನೆಗಳಲ್ಲಿ ಒಂದನ್ನೂ ಯಾರೂ ಕೇಳಲಿಲ್ಲ.

ಇಂದು ಇದು ಪಂಡಿತರ ಚರ್ಚೆಯಾಗಿ ಉಳಿದಿಲ್ಲ. 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯದ ಮಡಿಲಿನಿಂದ ಬೆಳಗಾವಿಯ ಕಡೆಯ ಕಾಲೇಜುಗಳು 2010ರಲ್ಲಿ ಬೇರೆಯಾದವು. ಇತ್ತೀಚೆಗೆ ಹಾವೇರಿಗೂ ಪ್ರತ್ಯೇಕ ವಿಶ್ವವಿದ್ಯಾಲಯ ಬಂದಿತು. ಕಾಲೇಜುಗಳು ಹೋದಂತೆ ಅವುಗಳ ಶುಲ್ಕವೂ ಹೋಗುತ್ತದೆ. ನಿವೃತ್ತರು ಮಾತ್ರ ಹಳೆಯ ಮನೆಯಲ್ಲಿಯೇ ಉಳಿಯುತ್ತಾರೆ. ಹೊಸ ಮನೆಗಳ ಪಾಡೂ ಸುಖದ್ದಲ್ಲ. ಹಾವೇರಿ, ಕೊಪ್ಪಳ, ಬಾಗಲಕೋಟೆ ಮೊದಲಾದ ಹೊಸ ವಿಶ್ವವಿದ್ಯಾಲಯಗಳನ್ನು ಮುಂದುವರಿಸಬೇಕೇ ಎಂಬ ಪ್ರಶ್ನೆಯೇ 2025ರ ಆರಂಭದಲ್ಲಿ ಸರಕಾರದ ಮುಂದೆ ಬಂದಿತ್ತು. ಸರಕಾರವು ತನ್ನ ಹೊಣೆಯಿಂದ ಜಾರಿಕೊಳ್ಳುವುದಕ್ಕೆ ನನ್ನ ಮಾತು ನೆಪವಾಗಬಾರದು. ಸಂಬಳ, ನಿವೃತ್ತಿವೇತನಗಳನ್ನು ಸಾಲನಿಧಿಯಿಂದ ಕೊಡಲಾಗದು, ಕೊಡಲೂಬಾರದು. ಆದರೆ ಕೈಯಲ್ಲಿ ಉಳಿದ ಅಷ್ಟಿಷ್ಟು ಹಣವಾದರೂ ಬೀಜವಾಗಬೇಕು.

ಗ್ರಾಮಾಭಿವೃದ್ಧಿ ಮತ್ತು ಪಂಚಾಯತ್ ರಾಜ್ಯವನ್ನೇ ವಿದ್ಯೆಯಾಗಿಸಿಕೊಂಡ ವಿಶ್ವವಿದ್ಯಾಲಯವೊಂದು 2016ರ ಕಾಯ್ದೆಯಿಂದ ಗದಗಿಗೇ ಬಂದಿದೆ. ಅಲ್ಲಿನ ತರುಣರಿಗೆ ಕಣಗಿನಹಾಳ ನೆರೆಯೂರು. ಸಹಕಾರದ ಚರಿತ್ರೆಯನ್ನು ಓದಿದ ಮೇಲೆ ಅವರು ತಮ್ಮ ಆವರಣದ ಜಮಾಖರ್ಚನ್ನೂ ಒಮ್ಮೆ ಕೇಳಿ ಓದಲಿ. ಎಲ್ಲ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೂ ನನ್ನ ಬಿನ್ನಹ ಇದೇ.

ಕಳೆದ ವರುಷ ನನ್ನ ಹಳೆಯ ವಿಶ್ವವಿದ್ಯಾಲಯದ ಮುಂದೆ ಹಾದುಹೋಗುವ ಪ್ರಸಂಗ ಬಂದಿತು. ಕಮಾನಿನ ಬಣ್ಣ ಮಾಸಿತ್ತು. ಪ್ರಯೋಗಶಾಲೆಯ ಹಿಂದೆ ಹೋಗಿ ನಿಂತೆ. ಗಟಾರದಲ್ಲಿ ತಿಳಿಯಾದ ನೀರು ಹರಿಯುತ್ತಿತ್ತು. ಬಗ್ಗಿ ಮುಟ್ಟಿದೆ, ಇನ್ನೂ ಬೆಚ್ಚಗಿತ್ತು.