ಡಯಾಲಿಸಿಸ್ ರೋಗಿಗಳ ಅರಿವಿನ ಕುಸಿತ: ಕೃತಕ ಬುದ್ಧಿಮತ್ತೆಯ ಮುನ್ಸೂಚನೆ ಎಷ್ಟು ನಂಬಲರ್ಹ?

ಮೂತ್ರಪಿಂಡಗಳು ವಿಫಲವಾದವರ ರಕ್ತವನ್ನು ಯಂತ್ರದ ಮೂಲಕ ಶುದ್ಧಿಗೊಳಿಸುವ ಹಿಮೋಡಯಾಲಿಸಿಸ್ ಚಿಕಿತ್ಸೆಯನ್ನು ಸಾಮಾನ್ಯವಾಗಿ ವಾರಕ್ಕೆ 3 ಬಾರಿ, ಪ್ರತಿ ಸಲ ಸುಮಾರು 4 ಗಂಟೆಗಳ ಕಾಲ ನೀಡಲಾಗುತ್ತದೆ. ಈ ಚಿಕಿತ್ಸೆಯನ್ನು ಅವಲಂಬಿಸಿದವರಲ್ಲಿ ನೆನಪು, ಏಕಾಗ್ರತೆ ಮತ್ತು ಯೋಚಿಸಿ ನಿರ್ಧರಿಸುವ ಶಕ್ತಿಗಳು ಕುಗ್ಗುವುದು, ಅಂದರೆ ‘ಅರಿವಿನ ಕುಸಿತ’, ಅದೇ ವಯಸ್ಸಿನ ಇತರರಿಗಿಂತ ಹೆಚ್ಚು. ಅಮೆರಿಕದ ಮಿನಿಯಾಪೊಲಿಸ್ ಪ್ರದೇಶದಲ್ಲಿ 55 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ 338 ರೋಗಿಗಳನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 37ರಷ್ಟು ಮಂದಿಗೆ ತೀವ್ರ ಕುಸಿತವಿರುವುದು ಕಂಡುಬಂದಿತು. ಆದರೆ ಅಂಥ ತೊಂದರೆ ವೈದ್ಯಕೀಯ ದಾಖಲೆಗಳಲ್ಲಿ ನಮೂದಾಗಿದ್ದುದು ಶೇ. 3ರಷ್ಟು ಮಂದಿಗೆ ಮಾತ್ರ.

ಈ ಕುಸಿತಕ್ಕೆ ಕಾರಣಗಳು ಹಲವು. ಮಧುಮೇಹ ಮತ್ತು ಅಧಿಕ ರಕ್ತದೊತ್ತಡಗಳು ಮಿದುಳಿನ ಸೂಕ್ಷ್ಮ ರಕ್ತನಾಳಗಳನ್ನು ಹಾಳುಗೆಡವುತ್ತವೆ. ಇಂಡಾಕ್ಸಿಲ್ ಸಲ್ಫೇಟ್‌ನಂತಹ, ಡಯಾಲಿಸಿಸ್‌ನಿಂದ ಸುಲಭವಾಗಿ ಹೊರಹೋಗದ ವಿಷವಸ್ತುಗಳು ರಕ್ತದಲ್ಲಿ ಉಳಿದುಬಿಡುತ್ತವೆ. ದೇಹದಿಂದ ನೀರನ್ನು ವೇಗವಾಗಿ ತೆಗೆಯುವಾಗ ರಕ್ತದೊತ್ತಡ ಇಳಿದು, ಮಿದುಳಿಗೆ ಸಾಗುವ ರಕ್ತವೂ ತಗ್ಗುತ್ತದೆ.

ಡಯಾಲಿಸಿಸ್ ಕೇಂದ್ರದಲ್ಲಿ ಪ್ರತಿ ಸರದಿಯ ರಕ್ತದೊತ್ತಡ, ತೂಕ, ತೆಗೆದ ನೀರಿನ ಪ್ರಮಾಣ ಹಾಗೂ ನಿಯತಕಾಲದ ರಕ್ತಪರೀಕ್ಷೆಗಳ ಫಲಿತಾಂಶ ದಾಖಲಾಗುವುದರಿಂದ, ಕೃತಕ ಬುದ್ಧಿಮತ್ತೆಯ ಒಂದು ಶಾಖೆಯಾದ ಯಂತ್ರಕಲಿಕೆಗೆ ಇಲ್ಲಿ ಹೇರಳ ಮಾಹಿತಿ ದೊರೆಯುತ್ತದೆ. ಅರಿವಿನ ಸ್ಥಿತಿ ಈಗಾಗಲೇ ತಿಳಿದಿರುವ ರೋಗಿಗಳ ಅಂಕಿಅಂಶಗಳನ್ನು ಉಣಿಸಿದಾಗ ಕಂಪ್ಯೂಟರ್ ಅವುಗಳ ನಡುವಿನ ಸಂಬಂಧಗಳನ್ನು ಗುರುತಿಸಿ, ಹೊಸ ರೋಗಿಗೆ ಅಪಾಯದ ಸಂಭವ ಎಷ್ಟೆಂದು ಅಂದಾಜಿಸುತ್ತದೆ.

ಆದರೆ ಆ ಪಾಠ ಆಸ್ಪತ್ರೆಯ ಹಳೆಯ ದಾಖಲೆಗಳಿಂದಲೇ ಬಂದರೆ, ಮಿನಿಯಾಪೊಲಿಸ್‌ನ ಅಂತರವೇ ತೋರಿಸುವಂತೆ, ಕಂಪ್ಯೂಟರ್ ಕಲಿಯುವುದು ಯಾರಿಗೆ ತೊಂದರೆಯಿದೆ ಎಂಬುದನ್ನಲ್ಲ, ಯಾರ ತೊಂದರೆ ವೈದ್ಯರ ಗಮನಕ್ಕೆ ಬಂದಿದೆ ಎಂಬುದನ್ನು. ಆದ್ದರಿಂದ ಪ್ರತಿಯೊಬ್ಬ ರೋಗಿಯನ್ನೂ ನೇರವಾಗಿ ಪರೀಕ್ಷಿಸಿ ಪಡೆದ ಅಂಕಗಳೇ ಕಂಪ್ಯೂಟರ್‌ನ ಮುನ್ಸೂಚನಾ ಮಾದರಿಗೆ ಆಧಾರವಾಗಬೇಕು. ಆದರೆ 30 ಅಂಕಗಳ ಮಾಂಟ್ರಿಯಲ್ ಅರಿವಿನ ಪರೀಕ್ಷೆಯಂಥವುಗಳಲ್ಲಿ ಶಾಲಾ ಶಿಕ್ಷಣ ಕಡಿಮೆಯಿದ್ದವರ ಅಂಕಗಳು ರೋಗವಿಲ್ಲದೆಯೂ ಇಳಿಯುತ್ತವೆ. ಡಯಾಲಿಸಿಸ್ ನಡೆಯುತ್ತಿರುವಾಗ ಪರೀಕ್ಷಿಸಿದರೂ ಫಲಿತಾಂಶ ಕೆಡುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಕನ್ನಡವೂ ಸೇರಿದಂತೆ 5 ಭಾಷೆಗಳಲ್ಲಿ ಅರಿವಿನ ಪರೀಕ್ಷೆಗಳನ್ನು ರೂಪಿಸಿರುವುದು ಶಿಕ್ಷಣದ ಈ ಅಂತರದ ದೃಷ್ಟಿಯಿಂದ ಮುಖ್ಯವಾದುದು. ಒಂದು ದೇಶದಲ್ಲಿ ಕಲಿತ ಮಾದರಿಯನ್ನು ಇನ್ನೊಂದೆಡೆ ಬಳಸುವ ಮುನ್ನ ಅಲ್ಲಿನ ರೋಗಿಗಳ ಮೇಲೆಯೇ ಒರೆಗೆ ಹಚ್ಚುವುದೂ ಅನಿವಾರ್ಯ.

ಮುನ್ಸೂಚನೆ ದೊರೆತಾಗ ಮಾಡಬಹುದಾದದ್ದೂ ಉಂಟು. ಡಯಾಲಿಸಿಸ್ ದ್ರಾವಣವನ್ನು ರೋಗಿಯ ದೇಹದ ಉಷ್ಣತೆಗಿಂತ 0.5 ಡಿಗ್ರಿ ಸೆಲ್ಸಿಯಸ್ ತಂಪಾಗಿಟ್ಟರೆ ಮಿದುಳಿನ ಬಿಳಿ ದ್ರವ್ಯಕ್ಕೆ, ಅಂದರೆ ಮಿದುಳಿನ ಭಾಗಗಳನ್ನು ಬೆಸೆಯುವ ನರತಂತುಗಳಿಗೆ, ರಕ್ಷಣೆ ದೊರೆಯುತ್ತದೆಂದು 2015ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗ ಸೂಚಿಸಿದೆ. ನೆನಪು ಕುಗ್ಗಿದವರ ಮಾತ್ರೆಗಳ ಸಂಖ್ಯೆಯನ್ನು ಇಳಿಸಿ, ಪಥ್ಯದ ವಿವರಗಳನ್ನು ಮನೆಯವರಿಗೂ ತಿಳಿಸಿದರೆ ಚಿಕಿತ್ಸೆ ತಪ್ಪುವುದು ಕಡಿಮೆಯಾಗುತ್ತದೆ. ಕಂಪ್ಯೂಟರ್ ನೀಡುವ ಅಂಕಿಯು ವಿವರವಾದ ಪರೀಕ್ಷೆಗೆ ಕರೆಯಾಗಬೇಕೇ ಹೊರತು, ಯಾರಿಗೂ ಮೂತ್ರಪಿಂಡ ಕಸಿಯನ್ನು ನಿರಾಕರಿಸಲು ನೆಪವಾಗಬಾರದು.