ಟರ್ಬೊ ಟ್ರ್ಯಾಕ್ಟರ್: ಎಗ್ಜಾಸ್ಟ್ ಮ್ಯಾನಿಫೋಲ್ಡ್ ಬದಲಿಸಿದ ನಂತರ ಎಂಜಿನ್ ಶಕ್ತಿ ಕುಂದಿದರೆ ಪರೀಕ್ಷಿಸುವ ಕ್ರಮ

ಬಿರುಕು ಬಿಟ್ಟ ಎಗ್ಜಾಸ್ಟ್ ಮ್ಯಾನಿಫೋಲ್ಡನ್ನು ಬದಲಿಸಿದ ನಂತರ ಕೆಲವು ಟ್ರ್ಯಾಕ್ಟರ್‌ಗಳು ಖಾಲಿ ಓಡುವಾಗ ಸರಿಯಾಗಿದ್ದು, ರೋಟವೇಟರ್ ಅಥವಾ ತುಂಬಿದ ಟ್ರೈಲರ್‌ನ ಭಾರ ಬಿದ್ದೊಡನೆ ಶಕ್ತಿ ಕಳೆದುಕೊಳ್ಳುತ್ತವೆ. ದುರಸ್ತಿಗೆ ಮುನ್ನ ಇಲ್ಲದಿದ್ದ ದೋಷವು ದುರಸ್ತಿಯ ನಂತರ ಕಂಡುಬಂದಲ್ಲಿ, ಆಗ ಬಿಚ್ಚಿ ಜೋಡಿಸಿದ ಭಾಗಗಳನ್ನೇ ಮೊದಲು ಪರೀಕ್ಷಿಸುವುದು ಸೂಕ್ತ. ಡೀಸೆಲ್ ಪಂಪ್ ಬಿಚ್ಚಿಸುವುದಕ್ಕೂ ಹೊಸ ಟರ್ಬೊಚಾರ್ಜರ್ ಕೊಳ್ಳುವುದಕ್ಕೂ ಮುನ್ನ ಈ ಪರೀಕ್ಷೆ ನಡೆಸಿದರೆ ಅನಗತ್ಯ ವೆಚ್ಚ ತಪ್ಪುತ್ತದೆ.

ಶಕ್ತಿ ಏಕೆ ಕುಂದುತ್ತದೆ?

ಸಿಲಿಂಡರ್‌ಗಳಿಂದ ಹೊರಬರುವ ಬಿಸಿ ಅನಿಲವನ್ನು ಮ್ಯಾನಿಫೋಲ್ಡ್ ಟರ್ಬೊಚಾರ್ಜರ್‌ಗೆ ಒಯ್ಯುತ್ತದೆ. ಆ ಅನಿಲದ ಬಲದಿಂದ ಟರ್ಬೈನ್ ಚಕ್ರ ತಿರುಗುತ್ತದೆ. ಅದೇ ದಂಡಕ್ಕೆ ಜೋಡಿಸಿದ ಕಂಪ್ರೆಸರ್ ಚಕ್ರವು ಹೆಚ್ಚು ಗಾಳಿಯನ್ನು ಎಂಜಿನ್ನಿಗೆ ಒತ್ತಿ ತುಂಬುತ್ತದೆ. ಮ್ಯಾನಿಫೋಲ್ಡ್ ಮತ್ತು ಟರ್ಬೊ ನಡುವೆ ಅನಿಲ ಸೋರಿದರೆ ಚಕ್ರದ ವೇಗ ತಗ್ಗಿ, ಗಾಳಿ ಕಡಿಮೆಯಾಗುತ್ತದೆ. ಗಾಳಿಗೆ ಹೋಲಿಸಿದರೆ ಡೀಸೆಲ್ ಹೆಚ್ಚಾದಾಗ ಕಪ್ಪು ಹೊಗೆ ಬರುತ್ತದೆ.

ಪರೀಕ್ಷಿಸುವ ಕ್ರಮ

ಎಂಜಿನ್ ಆರಿಸಿ, ಸಂಪೂರ್ಣ ತಣ್ಣಗಾದ ನಂತರವೇ ಕೈಹಾಕಬೇಕು.

1. ಗಾಳಿಯ ಹೋಸ್‌ಗಳು: ಮ್ಯಾನಿಫೋಲ್ಡ್ ಬದಲಿಸಲು ಟರ್ಬೊ ಮತ್ತು ಅದರ ಹೋಸ್‌ಗಳನ್ನು ಬಿಚ್ಚಬೇಕಾಗುತ್ತದೆ. ಟರ್ಬೊದಿಂದ ಇಂಟರ್‌ಕೂಲರ್‌ಗೆ ಹಾಗೂ ಎಂಜಿನ್ನಿಗೆ ಹೋಗುವ ಹೋಸ್ ಸೀಳಿದೆಯೇ, ಕ್ಲ್ಯಾಂಪ್ ಸಡಿಲವಾಗಿದೆಯೇ ನೋಡಬೇಕು.

2. ಸಣ್ಣ ಒತ್ತಡದ ಕೊಳವೆ: ಕೆಲವು ಮಾದರಿಗಳಲ್ಲಿ ಗಾಳಿಯ ಒತ್ತಡವನ್ನು ಡೀಸೆಲ್ ಪಂಪಿಗೆ ತಿಳಿಸುವ ಸಣ್ಣ ಕೊಳವೆ ಇರುತ್ತದೆ. ಅದನ್ನು ಮರಳಿ ಜೋಡಿಸದಿದ್ದರೆ ಪಂಪ್ ಹೆಚ್ಚುವರಿ ಡೀಸೆಲ್ ಕೊಡುವುದಿಲ್ಲ. ಕಪ್ಪು ಹೊಗೆಯಿಲ್ಲದೆಯೇ ಶಕ್ತಿ ಕುಂದುತ್ತದೆ. ಕಾಮನ್ ರೈಲ್ ಎಂಜಿನ್‌ಗಳಲ್ಲಿ ಒತ್ತಡದ ಸೆನ್ಸರ್‌ನ ಕನೆಕ್ಟರ್ ಕೂತಿದೆಯೇ ಪರೀಕ್ಷಿಸಬೇಕು.

3. ಮಸಿಯ ಗುರುತು: ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್‌ಗೆ ಮತ್ತು ಟರ್ಬೊಗೆ ಕೂಡುವ ಎಡೆಗಳಲ್ಲಿ ಹೊಸ ಮಸಿ ಕಂಡರೆ ಅಲ್ಲಿ ಸೋರಿಕೆಯಿದೆ. ಭಾರ ಎಳೆಯುವಾಗ ‘ಟಿಕ್ ಟಿಕ್’ ಸದ್ದು ಕೇಳುವುದೂ ಇದರ ಲಕ್ಷಣವೇ.

4. ಜೋಡಣೆ: ಸೋರಿಕೆ ಇದ್ದಲ್ಲಿ ಮ್ಯಾನಿಫೋಲ್ಡ್ ಬಿಚ್ಚಿ, ಹಳೆಯ ಗ್ಯಾಸ್ಕೆಟ್‌ನ ಚೂರು ಉಳಿದಿದೆಯೇ, ಹೊಸ ಗ್ಯಾಸ್ಕೆಟ್ ರಂಧ್ರಕ್ಕೆ ಅಡ್ಡವಾಗಿದೆಯೇ, ಒಳಗೆ ಬಟ್ಟೆ ಉಳಿದಿದೆಯೇ ಎಂದು ನೋಡಬೇಕು. ಕೂಡುವ ಮೇಲ್ಮೈ ಬಾಗಿದೆಯೇ ಎಂಬುದನ್ನು ನೇರ ಉಕ್ಕಿನ ಪಟ್ಟಿ ಮತ್ತು ಫೀಲರ್ ಗೇಜ್‌ನಿಂದ ಅಳೆಯಬೇಕು. ಹೊಸ ಗ್ಯಾಸ್ಕೆಟ್ ಹಾಕಿ, ನಟ್‌ಗಳನ್ನು ನಡುವಿನಿಂದ ಎರಡೂ ತುದಿಗಳತ್ತ, 2–3 ಹಂತಗಳಲ್ಲಿ, ಕೈಪಿಡಿಯಲ್ಲಿ ಸೂಚಿಸಿದ ಬಿಗಿತಕ್ಕೆ ಟಾರ್ಕ್ ವ್ರೆಂಚ್‌ನಿಂದ ಬಿಗಿಯಬೇಕು.

5. ಟರ್ಬೊ ಚಕ್ರ: ಗಾಳಿ ಒಳಬರುವ ಹೋಸ್ ತೆಗೆದು ಚಕ್ರವನ್ನು ಬೆರಳಿನಿಂದ ತಿರುಗಿಸಬೇಕು. ಅದು ಸರಾಗವಾಗಿ ತಿರುಗಬೇಕು. ಸುತ್ತಲಿನ ಕವಚಕ್ಕೆ ತಾಗಬಾರದು. ಅಲುಗಾಟ ತುಸು ಇರುವುದು ಸಹಜ. ಎಲೆಗಳು ಮುರಿದಿದ್ದರೆ ಅಥವಾ ಚಕ್ರ ಉಜ್ಜುತ್ತಿದ್ದರೆ ಮಾತ್ರ ಟರ್ಬೊ ದುರಸ್ತಿಗೆ ಕಳುಹಿಸಬೇಕು.

ಮುನ್ನೆಚ್ಚರಿಕೆಗಳು

• ಶಕ್ತಿ ಹೆಚ್ಚಿಸಲೆಂದು ಡೀಸೆಲ್ ಪಂಪಿನ ಸ್ಕ್ರೂ ತಿರುಗಿಸಬಾರದು. ಗಾಳಿ ಕಡಿಮೆಯಿರುವಾಗ ಡೀಸೆಲ್ ಹೆಚ್ಚಿಸಿದರೆ ಅನಿಲದ ಉಷ್ಣತೆ ಏರಿ ಹೊಸ ಮ್ಯಾನಿಫೋಲ್ಡ್, ಟರ್ಬೊ ಮತ್ತು ಪಿಸ್ಟನ್‌ಗಳಿಗೆ ಹಾನಿಯಾಗಬಹುದು.

• ಬಿಸಿ ಅನಿಲದ ಜೋಡಣೆಗಳಿಗೆ ಸಾಮಾನ್ಯ ಸಿಲಿಕಾನ್ ಪೇಸ್ಟ್ ಹಚ್ಚಬಾರದು. ಅದು ಸುಟ್ಟು, ಚೂರುಗಳು ಟರ್ಬೈನ್ ಸೇರಬಹುದು.

• ಟರ್ಬೊದ ಆಯಿಲ್ ಪೈಪ್ ಬಿಚ್ಚಿದ್ದರೆ, ಮರುಜೋಡಿಸುವಾಗ ಶುದ್ಧ ಎಂಜಿನ್ ಆಯಿಲ್ ತುಂಬಬೇಕು. ಚಾಲೂ ಮಾಡಿದ ನಂತರ ಒಂದೆರಡು ನಿಮಿಷ ನಿಧಾನಗತಿಯಲ್ಲಿ ಓಡಿಸಬೇಕು.

• ಭಾರ ಎಳೆಯುವಾಗ ಈ ಅನಿಲದ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಸೋರಿಕೆಯಿರುವ ಟ್ರ್ಯಾಕ್ಟರನ್ನು ಒಣ ಹುಲ್ಲು ಅಥವಾ ಕಬ್ಬಿನ ರವದಿಯ ಬಳಿ ಬಳಸಿದರೆ ಬೆಂಕಿಯ ಅಪಾಯವಿದೆ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿ ಪರೀಕ್ಷಿಸಬಾರದು, ವಿಷಾನಿಲದಿಂದ ಪ್ರಾಣಾಪಾಯವಾಗಬಹುದು.

ಮೇಲಿನ ಐದೂ ಅಂಶಗಳು ಸರಿಯಿದ್ದು ಶಕ್ತಿ ಮರಳದಿದ್ದಲ್ಲಿ ಏರ್ ಫಿಲ್ಟರ್ ಮತ್ತು ಡೀಸೆಲ್ ಫಿಲ್ಟರ್ ಪರೀಕ್ಷಿಸಿ, ನಂತರವೇ ಪಂಪ್ ಮತ್ತು ಇಂಜೆಕ್ಟರ್‌ಗಳ ತಪಾಸಣೆಗೆ ಅಧಿಕೃತ ಸೇವಾ ಕೇಂದ್ರವನ್ನು ಸಂಪರ್ಕಿಸಬೇಕು. ಬಿತ್ತನೆ ಅಥವಾ ಕಟಾವಿನ ಹಂಗಾಮಿಗೆ ಮುನ್ನವೇ ಭಾರ ಹಾಕಿ ಓಡಿಸಿ ನೋಡಿದಲ್ಲಿ, ಕೆಲಸದ ದಿನಗಳು ವ್ಯರ್ಥವಾಗುವುದನ್ನು ತಪ್ಪಿಸಬಹುದು.