ಎರಡು ಕಡೆಯ ಸಿಟ್ಟು ಕಟ್ಟಿಕೊಂಡ ವಕೀಲ

1849ರ ಕಲ್ಕತ್ತೆಯಲ್ಲಿ ಜಾನ್ ಎಲಿಯಟ್ ಡ್ರಿಂಕ್‌ವಾಟರ್ ಬೆಥೂನ್ ಮೇಲೆ ಬಿಳಿಯರಿಗೂ ಸಿಟ್ಟು, ಮಡಿವಂತ ಬಾಬುಗಳಿಗೂ ಸಿಟ್ಟು. ಕೇಂಬ್ರಿಜ್‌ನಲ್ಲಿ ಓದಿ, ಲಂಡನ್ನಿನಲ್ಲಿ ಪಾರ್ಲಿಮೆಂಟಿನ ಮಸೂದೆಗಳನ್ನು ಬರೆಯುತ್ತಿದ್ದ ಈ ವಕೀಲ, ಹಿಂದಿನ ವರ್ಷವಷ್ಟೇ ಗವರ್ನರ್ ಜನರಲ್ ಮಂಡಳಿಯ ಕಾನೂನು ಸದಸ್ಯನಾಗಿ ಬಂದಿದ್ದ. ಮೆಕಾಲೆ ಕೂತೆದ್ದ ಕುರ್ಚಿ ಅದು.

ಜಿಲ್ಲೆಗಳಲ್ಲಿ ತಪ್ಪು ಮಾಡಿದ ಬಿಳಿಯನೂ ಕಂಪನಿ ಕೋರ್ಟಿನ ಕಟಕಟೆಗೆ ಬರಲಿ ಎಂದು ಬೆಥೂನ್ ಮಸೂದೆ ಬರೆದ. ಯುರೋಪಿಯನ್ನರು ಅದಕ್ಕೆ ‘ಕರಾಳ ಕಾಯ್ದೆ’ ಎಂದು ಹೆಸರಿಟ್ಟು ಎದ್ದುನಿಂತರು. ಮಸೂದೆ ಮೂಲೆ ಸೇರಿತು. ಅದನ್ನು ಸಮರ್ಥಿಸಿ ಬರೆದ ವ್ಯಾಪಾರಿ ರಾಮಗೋಪಾಲ ಘೋಷರನ್ನು ಕೃಷಿ-ತೋಟಗಾರಿಕೆ ಸಂಘದ ಉಪಾಧ್ಯಕ್ಷ ಸ್ಥಾನದಿಂದ ಕಿತ್ತುಹಾಕಿದರು. ಇದೇ ಘೋಷರು ಬೆಥೂನ್ ತೆರೆದ ಹೆಣ್ಣುಮಕ್ಕಳ ಶಾಲೆಗೂ ಹೆಗಲು ಕೊಟ್ಟವರು.

ಶಾಲೆ ತೆರೆದದ್ದು ಅದೇ ವರ್ಷದ ಮೇ 7ರಂದು, 21 ಹುಡುಗಿಯರೊಂದಿಗೆ. ಮನೆ ಬಿಟ್ಟುಕೊಟ್ಟವರು ದಕ್ಷಿಣಾರಂಜನ ಮುಖರ್ಜಿ. ಖರ್ಚು ಬೆಥೂನ್‌ನ ಜೇಬಿನದು. ಪಾಠ ಬಂಗಾಳಿಯಲ್ಲಿ, ಧರ್ಮಬೋಧೆ ಇಲ್ಲ. ಮಿಷನರಿ ಶಾಲೆಗಳೆಂದರೆ ಬೆಚ್ಚುತ್ತಿದ್ದ ಮನೆಗಳ ಬಾಗಿಲು ತೆರೆಯಲು ಲೆಕ್ಕ ಹಾಕಿಯೇ ಮಾಡಿದ ಏರ್ಪಾಡು. ಸಂಸ್ಕೃತ ಕಾಲೇಜಿನ ಪಂಡಿತ ಮದನಮೋಹನ ತರ್ಕಾಲಂಕಾರರು ತಮ್ಮಿಬ್ಬರು ಹೆಣ್ಣುಮಕ್ಕಳನ್ನು ಕಳಿಸಿದರು, ತಾವೇ ಪಾಠ ಹೇಳಿದರು, ‘ಶಿಶುಶಿಕ್ಷಾ’ ಎಂಬ ಪಠ್ಯವನ್ನೂ ಬರೆದುಕೊಟ್ಟರು. ಸಾಹೇಬನ ಹಣಕ್ಕಿಂತ ಈ ಪಂಡಿತರ ಎದೆಗಾರಿಕೆ ದೊಡ್ಡದೆಂದೇ ನನ್ನ ಎಣಿಕೆ. ಸಾಹೇಬನನ್ನು ಜಾತಿಯಿಂದ ಹೊರಗಿಡುವವರು ಯಾರಿದ್ದರು?

ಮೈಕೆಲ್ ಮಧುಸೂದನ ದತ್ತರ ಇಂಗ್ಲಿಷ್ ಕಾವ್ಯ ಓದಿ, ನಿಮ್ಮ ಭಾಷೆಯಲ್ಲೇ ಬರೆಯಿರಿ ಎಂದು ಹೇಳಿಕಳಿಸಿದವನೂ ಇದೇ ಬೆಥೂನ್. ಬಂಗಾಳಿ ಸಾಹಿತ್ಯಕ್ಕೆ ಇದೊಂದು ಉಪಕಾರ ಸಾಕಿತ್ತು.

1850ರ ಕೊನೆಗೆ ಈಶ್ವರಚಂದ್ರ ವಿದ್ಯಾಸಾಗರರು ಶಾಲೆಯ ಕಾರ್ಯದರ್ಶಿಯಾದರು. ಮರುವರ್ಷದ ಆಗಸ್ಟ್ 12ರಂದು ಬೆಥೂನ್ ತೀರಿಕೊಂಡ. ಐವತ್ತರ ಆಸುಪಾಸಿನ ವಯಸ್ಸು. ಕಲ್ಕತ್ತೆಯ ಆಸ್ತಿಯನ್ನು ಶಾಲೆಗೇ ಬರೆದಿಟ್ಟಿದ್ದ. ಆಮೇಲೆ ಗವರ್ನರ್ ಜನರಲ್ ಲಾರ್ಡ್ ಡಾಲ್‌ಹೌಸಿ ತಮ್ಮ ಕೈಯಿಂದ ಖರ್ಚು ಕೊಟ್ಟರು. 1856ರಲ್ಲಿ ಸರ್ಕಾರ ವಹಿಸಿಕೊಂಡಿತು.

ಇಷ್ಟೆಲ್ಲ ಇದ್ದೂ ಶಾಲೆಗೊಂದು ಬೇಲಿಯಿತ್ತು. ‘ಮರ್ಯಾದಸ್ಥ’ ಹಿಂದೂ ಮನೆತನದವರಿಗೆ ಮಾತ್ರ ಪ್ರವೇಶ. ಕೋರ್ಟಿನಲ್ಲಿ ಬಣ್ಣದ ಭೇದ ಬೇಡವೆಂದವನು ತರಗತಿಯ ಬಾಗಿಲಲ್ಲಿ ಕುಲ ಕೇಳಿದ. ಮೇಲುಜಾತಿಯವರನ್ನು ಒಲಿಸಿಕೊಳ್ಳಲು ಬೇಕಾಗಿದ್ದ ಉಪಾಯ ಎನ್ನಬಹುದು, ಆದರೆ ಬಂಗಾಳದ ಬಹುಪಾಲು ಹೆಣ್ಣುಮಕ್ಕಳು ಹೊರಗೇ ಉಳಿದರು. ಕ್ರೈಸ್ತರೆಂಬ ಕಾರಣಕ್ಕೆ ಚಂದ್ರಮುಖಿ ಬಸು ಅವರಿಗೂ ಇಲ್ಲಿ ಸೀಟು ಸಿಗಲಿಲ್ಲ, ಬೇರೆಡೆ ಓದಿದರು. 1879ರಲ್ಲಿ ಕಾಲೇಜು ತರಗತಿಗಳು ಶುರುವಾದ ಮೇಲೆ ನಿಯಮ ಸಡಿಲಿತು. 1883ರಲ್ಲಿ ಚಂದ್ರಮುಖಿಯವರೂ ಇಲ್ಲೇ ಓದಿದ ಕಾದಂಬಿನಿ ಗಂಗೂಲಿಯವರೂ ಕಲ್ಕತ್ತ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪದವೀಧರರಾದರು. ಕಾದಂಬಿನಿ ವೈದ್ಯೆಯಾದರು. ಚಂದ್ರಮುಖಿ ಬೆಥೂನ್ ಕಾಲೇಜಿಗೇ ಪ್ರಾಂಶುಪಾಲೆಯಾಗಿ ಬಂದರು.